ತಂಗಿಯ ಮರ, ಅಣ್ಣನ ಗಾಜು

ನಮ್ಮ ಯಜಮಾನರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಪಾಲಹಳ್ಳಿ ರಸ್ತೆಯ ತಿರುವಿನಲ್ಲಿ ಕಟ್ಟಿದ್ದ ಫ್ಲೆಕ್ಸಿನಿಂದ. ನಾಲ್ಕು ಮೂಲೆಗೂ ಗುಲಾಬಿ ಹೂವಿನ ಚಿತ್ರ, ನಡುವೆ ಅವರ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಸರಳ ಸಜ್ಜನರು, ಮೃದುಭಾಷಿಗಳು, ಸರ್ವರಿಗೂ ಬೇಕಾದವರು’ ಎಂದು ಬರೆಸಿದ್ದರು. ಬಸ್ಸಿನ ಕಿಟಕಿಯಿಂದ ಓದಿದ ನಾನು, ಪಾಪ, ಯಾರದೋ ಒಕ್ಕಣೆಗೆ ಇವರ ಫೋಟೋ ಅಂಟಿಸಿಬಿಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಫ್ಲೆಕ್ಸಿನವರ ಹತ್ತಿರ ಸತ್ತವರಿಗೆಲ್ಲ ಇರುವುದು ಅದೊಂದೇ ಒಕ್ಕಣೆ. ಮೃದುಭಾಷಿಗಳಂತೆ! ಅವರು ಬದುಕಿದ್ದು ಇದನ್ನು ಓದಿದ್ದರೆ ಬರೆದವನ ಮನೆ ಹುಡುಕಿಕೊಂಡು ಹೋಗಿ ಮೃದುಭಾಷೆಯಲ್ಲಿ ನಾಲ್ಕು ಮಾತು ಆಡಿ ಬರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಏಳು ವರ್ಷ ನಾನು ಅವರ ನರ್ಸರಿಯಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಸಾಹಿತಿಯಲ್ಲ. ಗಿಡದ ಹೆಸರನ್ನು ತಗಡಿನ ಚೀಟಿಯ ಮೇಲೆ ಬಣ್ಣದಲ್ಲಿ ಬರೆಯುವವನು, ದೂರದ ಗಿರಾಕಿಗಳಿಗೆ ಕಾಗದ ಹಾಕುವವನು, ಬೈಯಲು ಯಜಮಾನರಿಗೆ ಬೇರೆ ಯಾರೂ ಕೈಗೆ ಸಿಗದಿದ್ದಾಗ ಎದುರಿಗೆ ನಿಲ್ಲುವವನು. ಈ ಮೂರನೆಯ ಕೆಲಸವೇ ದಿನದಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮದುವೆಯಾಗಿ ಎರಡು ಮಕ್ಕಳಿದ್ದ ನನ್ನನ್ನು ಅವರು ಯಾವತ್ತೂ ಏಕವಚನದಲ್ಲಿ ಕರೆಯಲಿಲ್ಲ. ಬಯ್ಗುಳವೆಲ್ಲ ಬಹುವಚನದಲ್ಲೇ ಬರುತ್ತಿತ್ತು.

ಗಿರಾಕಿಗಳನ್ನು ಓಡಿಸುವುದರಲ್ಲಿ ಅವರಿಗೆ ಸರಿಸಾಟಿಯಾದ ವ್ಯಾಪಾರಿಯನ್ನು ನಾನು ಇನ್ನೂ ಕಂಡಿಲ್ಲ. ಒಮ್ಮೆ ನಾಗಮಂಗಲದ ಕಡೆಯ ಶ್ರೀಮಂತರೊಬ್ಬರು ಕಾರಿನಲ್ಲಿ ಬಂದು, ಹೊಸ ಮನೆಯ ಮುಂದೆ ಸಾಲಾಗಿ ಇಡಲು ಜರೀಗಿಡ ಕೇಳಿದರು. ಯಜಮಾನರು ಕುಂಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳನ್ನು ಮೂಸಿ ನೋಡಿದರು. ಯಾರ ಜೊತೆ ಮಾತಾಡುವ ಮುನ್ನವೂ ಅವರು ಹಾಗೆ ಮಾಡುತ್ತಿದ್ದರು.

"ಮನೆ ಯಾವ ದಿಕ್ಕಿಗದೆ?"

"ಪಡುವಣಕ್ಕೆ."

"ನೆಳ್ಳು?"

"ಈಗಿನ್ನೂ ಮನೆ ಕಟ್ಟಿದೀವಿ, ನೆಳ್ಳೆಲ್ಲಿ ಬಂತು?"

"ನೀರು?"

"ವಾರಕ್ಕೆ ಎರಡು ಸಲ ಬುಡ್ತಾರೆ."

"ಅಂಗಾದ್ರೆ ಪೇಟೇಲಿ ಪ್ಲಾಸ್ಟಿಕ್ ಗಿಡ ಸಿಕ್ತವೆ. ಆಗಾಗ ಧೂಳು ಒರುಸ್ಕೊಂಡಿದ್ರೆ ಸಾಕು."

ಕಾರು ಹೊರಟುಹೋಯಿತು. "‘ಬದುಕ್ತದೆ, ತಗೊಂಡೋಗಿ’ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ಯಜಮಾನ್ರೆ" ಎಂದು ಗೊಣಗಿದೆ.

"ಬದುಕಾಕಿಲ್ಲ ಅಂತ ಗೊತ್ತಿದ್ದೂ ಬದುಕ್ತದೆ ಅನ್ನಾಕೆ ನಾನೇನು ಎಲೆಕ್ಷನ್‌ಗೆ ನಿಂತಿದ್ದೀನೇನ್ರೀ ರೈಟ್ರೆ?" ಅಂದರು.

ಇದು ಬರೀ ಗತ್ತಿನ ಮಾತಲ್ಲ. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಉಪಚಾರಕ್ಕೆ ಹೇಳುವ ಸಣ್ಣ ಸುಳ್ಳು ಕೂಡ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದ ಬೀಗರಿಗೆ "ಸಾರು ಕೆಟ್ಟಿತ್ತು" ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡು ಬಂದವರು. ಹೀಗಾಗಿ ಜನ ಅವರನ್ನು ಗೌರವಿಸುತ್ತಿದ್ದರು, ಆದಷ್ಟೂ ದೂರದಿಂದ.

ನರ್ಸರಿಯ ನಡುವೆ ಅವರ ಗಾಜಿನ ಮನೆ ಇತ್ತು. ಹರೆಯದಲ್ಲಿ ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಗಾಜಿನ ಮನೆ ನೋಡಿ ಬಂದವರು, ಅಂಥದ್ದೊಂದನ್ನು ಕಟ್ಟಿಯೇ ತೀರುವೆನೆಂದು ಹಟ ಹಿಡಿದು ಕಟ್ಟಿದ್ದರು. ಕಬ್ಬಿಣದ ಪಟ್ಟಿಗಳ ನಡುವೆ ಗಾಜು ಕೂರಿಸಿ ಪುಟ್ಟಿ ಮೆತ್ತಿದ ಸೂರು. ಒಳಗೆ ಜರೀಗಿಡ, ಆರ್ಕಿಡ್ಡು, ಆಂಥೂರಿಯಮ್ಮು. ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು ನೆರಳಾಗಲಿ ಎಂದು ಅದನ್ನು ಒಂದು ತೆಂಗಿನ ಮರದ ಮಗ್ಗುಲಿಗೇ ಕಟ್ಟಿದ್ದರು. ಆಗ ಆ ಮರ ಗಾಜಿನ ಮನೆಯ ನೆತ್ತಿಗೆ ಸರಿಸಮ ಇತ್ತಂತೆ. ಮರ ಬೆಳೆಯುತ್ತದೆ ಎಂಬ ಸಂಗತಿ ಗಿಡ ಮಾರಿ ಜೀವನ ಮಾಡುವವರಿಗೆ ಹೊಳೆಯಲೇ ಇಲ್ಲ.

ಮರ ಬೆಳೆಯಿತು. ಗಾಜಿನ ಮನೆ ಇದ್ದಷ್ಟೇ ಎತ್ತರ ಉಳಿಯಿತು. ಬಲಿತ ಕಾಯಿ ಒಂದೊಂದಾಗಿ ಕಳಚಿ ನೇರವಾಗಿ ಸೂರಿನ ಮೇಲೆ ಬೀಳತೊಡಗಿದವು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಬಿತ್ತು. ಗಾಜು ಒಡೆದ ಸದ್ದಿಗೆ ಬೆಚ್ಚಿ ನಾನು ಬಣ್ಣದ ಡಬ್ಬಿ ಬೀಳಿಸಿಕೊಂಡೆ. ಯಜಮಾನರು ತಲೆ ಎತ್ತದೆ "ಕಾಯಿ ಎತ್ತಿ ಮೂಟೆಗಾಕಿ" ಅಂದರು. ಒಡೆದ ಗಾಜಿನ ಬಗ್ಗೆ ಒಂದು ಮಾತೂ ಇಲ್ಲ.

ಆ ಮರ ಅವರದಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಜಮೀನು ಅವರದು, ಗಾಜಿನ ಮನೆ ಅವರದು, ಬೇರು ಕುಡಿಯುವ ನೀರೂ ಅವರ ಬಾವಿಯದೇ. ಮರ ಮಾತ್ರ ತಂಗಿಯದು. ತಂಗಿಯ ಮದುವೆಯಲ್ಲಿ ಅವರ ತಂದೆ ಅದನ್ನು ಅರಿಶಿನ ಕುಂಕುಮಕ್ಕೆಂದು ಆಕೆಯ ಹೆಸರಿಗೆ ಬಿಟ್ಟುಕೊಟ್ಟಿದ್ದರು. ನಮ್ಮ ಕಡೆ ಹೀಗೆ ಕೊಡುವುದುಂಟು. ಹೆಣ್ಣುಮಕ್ಕಳು ವರ್ಷಕ್ಕೆರಡು ಸಲ ಬಂದು ಕಾಯಿ ಕೀಳಿಸಿ, ತವರಲ್ಲಿ ಉಂಡು, ಮೂಟೆ ಕಟ್ಟಿಸಿಕೊಂಡು ಹೋಗುತ್ತಾರೆ. ಕಾಯಿಗಿಂತ ಆ ಬಂದು ಹೋಗುವುದೇ ಮುಖ್ಯ. ಈ ತಂಗಿಯೂ ಹಾಗೆಯೇ ಬರುತ್ತಿದ್ದರಂತೆ, ಆಗ್ಗೆ ಹನ್ನೊಂದು ವರ್ಷದ ಹಿಂದಿನವರೆಗೆ.

ಆ ವರ್ಷ ಯಜಮಾನರ ದೊಡ್ಡ ಮಗಳ ಮದುವೆ ಆಯಿತು. ಕೆಲಸದ ನುಗ್ಗಿನಲ್ಲಿ ಇವರು ಒಡಹುಟ್ಟಿದ ತಂಗಿಗೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿಬಿಟ್ಟರು. ಮನೆ ಬಾಗಿಲಿಗೆ ಹೋಗಿ, ಕುಂಕುಮ ಕೊಟ್ಟು, ‘ನಾಲ್ಕು ದಿನ ಮುಂಚೇನೇ ಬಾರವ್ವ’ ಎಂದು ಕರೆಯಬೇಕಾದವಳನ್ನು ಪೋಸ್ಟ್‌ಮ್ಯಾನ್ ಬಂದು ಕರೆದುಹೋದ. ಸೋದರತ್ತೆ ಮದುವೆಗೆ ಬರಲಿಲ್ಲ. ಬರಲಿಲ್ಲವೆಂದು ಇವರು ಸಿಟ್ಟಾದರು, ಕರೆಯಲಿಲ್ಲವೆಂದು ಅವರು ಸಿಟ್ಟಾದರು. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತರೂ ಮರ ಕಾಯಿ ಬಿಡುವುದನ್ನು ನಿಲ್ಲಿಸಲಿಲ್ಲವಲ್ಲ. ಕಾಯಿ ಬಲಿಯುವ ಮುಂಚೆ ಒಬ್ಬ ಆಳನ್ನು ಹತ್ತಿಸಿ ಕೀಳಿಸಿದ್ದರೆ ಒಂದು ಗಾಜೂ ಒಡೆಯುತ್ತಿರಲಿಲ್ಲ. ಆದರೆ ಯಜಮಾನರ ಕಾನೂನೇ ಬೇರೆ. "ಅವಳ ಮರಕ್ಕೆ ಅವಳು ಏಳ್ದೆ ನಾನ್ಯಾಕೆ ಆಳು ಹತ್ತುಸ್ಲಿ?" ಅತ್ತ ತಂಗಿಯ ಕಾನೂನು, "ಕರೀದೆ ಇರೋ ತವರಿಗೆ ನಾನ್ಯಾಕೆ ಓಗ್ಲಿ?" ಇಬ್ಬರ ಕಾನೂನಿನ ನಡುವೆ ಸಿಕ್ಕಿ ಗಾಜುಗಳು ಒಡೆಯುತ್ತಲೇ ಇದ್ದವು. ಬಿದ್ದ ಕಾಯಿಯಲ್ಲಿ ಒಂದನ್ನೂ ಇವರು ಮುಟ್ಟುತ್ತಿರಲಿಲ್ಲ. ಮನೆಯ ಅಡುಗೆಗೆ ಸಂತೆಯಿಂದ ಕಾಯಿ ತರಿಸುತ್ತಿದ್ದರು. ಉದುರಿದ ಗರಿ ಕೂಡ ಬೇಲಿಯ ಬದಿಯಲ್ಲಿ ಬಿದ್ದು ಗೆದ್ದಲು ತಿನ್ನಬೇಕೇ ವಿನಾ ನಮ್ಮ ಒಲೆಗೆ ಹೋಗುವಂತಿರಲಿಲ್ಲ.

ಮೂಟೆ ತುಂಬಿದಾಗ ಅದನ್ನು ತಂಗಿಗೆ ತಲುಪಿಸುವುದು ನನ್ನ ಕೆಲಸ. ಶ್ರೀರಂಗಪಟ್ಟಣದಲ್ಲಿ ಬಸ್ಸಿನ ಟಾಪಿಗೆ ಮೂಟೆ ಹಾಕಿಸಿ, ಪಾಂಡವಪುರ ದಾಟಿ, ಕೆ.ಆರ್. ಪೇಟೆಯಲ್ಲಿ ಇಳಿದು, ಹೇಮಗಿರಿಯ ಕಡೆ ಹೋಗುವ ಇನ್ನೊಂದು ಬಸ್ಸು ಹತ್ತಿ ಅವರ ಊರಿಗೆ ಹೋಗಬೇಕಿತ್ತು. ಆ ಅಕ್ಕ ಮೂಟೆಯ ಬಾಯಿ ಬಿಚ್ಚಿ ಒಮ್ಮೆ ಒಳಗೆ ಇಣುಕುತ್ತಿದ್ದರು. ಆಮೇಲೆ ತಪ್ಪದೆ ಒಂದು ಪ್ರಶ್ನೆ.

"ಈ ಸಲ ಎಷ್ಟು ಗಾಜು ಓದ್ವು?"

"ನಾಕು ಅಕ್ಕ."

"ಅಂಗೇ ಆಗ್ಬೇಕು ಅವ್ನಿಗೆ." ಒಳಗೆ ಹೋಗುತ್ತಾ ಬೆನ್ನು ತೋರಿಸಿಯೇ ಕೇಳುತ್ತಿದ್ದರು, "ಬೆಳಿಗ್ಗೆ ಒತ್ತು ಕೆಮ್ತಿದ್ದ. ಈಗ್ಲೂ ಕೆಮ್ತಾನಾ?"

ನನಗೆ ಹೊಟ್ಟೆ ತುಂಬ ಮುದ್ದೆ, ಉಪ್ಸಾರು. ಸಂಜೆ ವಾಪಸು ಬಂದರೆ ಇಲ್ಲಿ ಇನ್ನೊಂದು ವಿಚಾರಣೆ.

"ಏನಂದ್ಲು?"

"ಏನೂ ಅನ್ನಲಿಲ್ಲ ಯಜಮಾನ್ರೆ."

"ಏನಾರ ಅನ್ನೋರ ಮನೇಲಿ ಇಷ್ಟೊತ್ತು ಕೂತಿರ್ತೀರಿ ಸರಿ, ಏನೂ ಅನ್ನದೋರ ಮನೇಲೂ ಇಷ್ಟೊತ್ತೇ ಕೂತಿರ್ತೀರಾ?"

ಅವರಿಗೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಅದನ್ನು ಹೇಳಿದ್ದರೆ ಕೇಳಿದ್ದಕ್ಕಾಗಿ ಅವರಿಗೆ, ಹೇಳಿದ್ದಕ್ಕಾಗಿ ನನಗೆ, ಇಬ್ಬರಿಗೂ ಅವಮಾನವಾಗುತ್ತಿತ್ತು. ಆದ್ದರಿಂದ ಕೆಮ್ಮಿನ ವಿಷಯವಾಗಿ ನಾನು ಯಾವತ್ತೂ ಬಾಯಿ ಬಿಡಲಿಲ್ಲ. ಈಗ ಯೋಚಿಸಿದರೆ ಅದು ನನ್ನ ತಪ್ಪೇ ಅನ್ನಿಸುತ್ತದೆ.

ಒಂದು ಸಲ ಸಂಕ್ರಾಂತಿ ಕಳೆದ ಹೊಸತರಲ್ಲಿ ಒಂದು ಗೊನೆಯೇ ಕಳಚಿ ಬಿತ್ತು. ಕೆಳಗೆ ಚಿಕ್ಕತಾಯಮ್ಮ ಎಂಬ ಕೆಲಸದಾಕೆ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಗಾಜಿನ ಚೂರು ಮೊಣಕೈಯಿಂದ ಮುಂಗೈವರೆಗೆ ಸೀಳಿಕೊಂಡು ಹೋಯಿತು. ಯಜಮಾನರು ಹೆಗಲ ಮೇಲಿನ ಟವೆಲ್ಲು ಬಿಗಿದು ಕಟ್ಟಿ, ಅವಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಓಡಿಸಿದರು. ಹೊಲಿಗೆ ಹಾಕುವವರೆಗೂ ಬಾಗಿಲಲ್ಲೇ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಮಾರನೆಯ ಬೆಳಿಗ್ಗೆ ನಮ್ಮನ್ನೆಲ್ಲ ಕರೆದು ತೀರ್ಮಾನ ಹೇಳಿದರು. ಸದ್ಯ, ಬುದ್ಧಿ ಬಂತು, ಇನ್ನು ಮರದ ಬಗ್ಗೆ ತಂಗಿಯ ಹತ್ತಿರ ಮಾತಾಡುತ್ತಾರೆ ಎಂದು ನಾನು ನಿಟ್ಟುಸಿರು ಬಿಟ್ಟೆ.

"ಸೂರು ಬದ್ಲಾಯಿಸ್ತೀನಿ" ಅಂದರು. "ಗಾಜು ಪೂರ್ತಿ ತೆಗ್ದು ಫೈಬರ್ ಶೀಟ್ ಹಾಕುಸ್ತೀನಿ."

ಒಂದು ಮಾತು ಆಡುವ ಕಷ್ಟ ತಪ್ಪಿಸಿಕೊಳ್ಳಲು ಇಡೀ ಸೂರನ್ನೇ ಕಿತ್ತು ಬೇರೆ ಹಾಕಿಸುವ ಗಂಡಸನ್ನು ನೀವು ಬೇರೆ ಜಿಲ್ಲೆಯಲ್ಲಿ ಕಂಡಿದ್ದರೆ ನನಗೆ ತಿಳಿಸಿ.

ಪಾಂಡವಪುರದಿಂದ ಒಬ್ಬ ವೆಲ್ಡಿಂಗ್ ಮೇಸ್ತ್ರಿ ಬಂದ. ಕತ್ತೆತ್ತಿ ಸೂರು ನೋಡಿದ, ಇನ್ನೂ ಕತ್ತೆತ್ತಿ ಮರ ನೋಡಿದ. "ಯಜಮಾನ್ರೆ, ಶೀಟು ಹಾಕಿದ್ರೂ ಮೇಲಿಂದ ಕಾಯಿ ಬಿದ್ರೆ ತೂತೇಯ" ಅಂದ. "ನಿನ್ನನ್ನ ಶೀಟು ಹಾಕಾಕೆ ಕರ್ಸಿದ್ದು ಕಣಯ್ಯ, ಸಾಸ್ತ್ರ ಏಳಾಕಲ್ಲ" ಎಂದು ಇವರು ಅವನ ಬಾಯಿ ಮುಚ್ಚಿಸಿದರು.

ಕೆಲಸ ಶುರುವಾಯಿತು. ಒಳಗಿನ ಗಿಡಗಳನ್ನೆಲ್ಲ ಹೊರಗೆ ಸಾಗಿಸಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಇಟ್ಟೆವು. ಬೇಲಿಯ ಬದಿಯಲ್ಲಿ ತಂಗಿಯ ಮರದ ಗರಿ ರಾಶಿ ಬಿದ್ದಿತ್ತು. ಚಪ್ಪರದ ಗರಿ ಮಾತ್ರ ಪಾಲಹಳ್ಳಿಯಿಂದ ಟೆಂಪೋದಲ್ಲಿ ಬಂತು. ಮೇಸ್ತ್ರಿ ಉಳಿಯಿಂದ ಪುಟ್ಟಿ ಬಿಡಿಸಿ ಗಾಜು ಇಳಿಸುತ್ತಿದ್ದ. ಯಜಮಾನರು ಒಂದೊಂದು ಗಾಜನ್ನೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಗೋಣಿತಾಟು ಸುತ್ತಿ ಇಡುತ್ತಿದ್ದರು. ಹರೆಯದಲ್ಲಿ ತಾವೇ ನಿಂತು ಕೂರಿಸಿದ ಗಾಜು. ಅಷ್ಟು ಹೊತ್ತು ನಮ್ಮನ್ನು ಬೈಯುವುದನ್ನೂ ಮರೆತಿದ್ದರು.

ಅರ್ಧ ಸೂರು ಬಿಚ್ಚಿದ ದಿನ ಮೇಸ್ತ್ರಿಯ ಏಣಿಯಿಂದ ಒಂದು ಮೊಳ ದೂರಕ್ಕೆ ಒಂದು ಕಾಯಿ ಬಿತ್ತು. ಅವನು ಉಳಿ ಬಿಸಾಕಿ ಕೆಳಗಿಳಿದ.

"ಎಂಡ್ರು ಮಕ್ಳು ಇರೋನು ಯಜಮಾನ್ರೆ ನಾನು. ಕಾಯಿ ಕೀಳ್ಸೋ ಗಂಟ ಏಣಿ ಹತ್ತಾಕಿಲ್ಲ."

"ಮರ ನಂದಲ್ಲ ಕಣಯ್ಯ."

"ಇನ್ಯಾರ್ದು?"

"ನಮ್ ತಂಗೀದು."

"ಅಂಗಾದ್ರೆ ಅವರ್ನೇ ಒಂದು ಮಾತು ಕೇಳಿ."

ಯಜಮಾನರು ಒಂದು ಕುಂಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಮೂಸಿದರು. ಇನ್ನೊಂದು ಕುಂಡಕ್ಕೆ ಹೋಗಿ ಅದನ್ನೂ ಒತ್ತಿ ಮೂಸಿದರು. ಮೇಸ್ತ್ರಿ ತನ್ನ ಸಾಮಾನನ್ನೆಲ್ಲ ಮೂಲೆಗಿಟ್ಟು ಊರಿಗೆ ಹೋದ.

ಮೂರು ದಿನ ಹೋಯಿತು, ಆರು ದಿನ ಹೋಯಿತು. ಶಿವರಾತ್ರಿ ಹತ್ತಿರ ಬರುತ್ತಿತ್ತು, ಬಿಸಿಲು ಏರುತ್ತಿತ್ತು. ಗರಿಯ ಚಪ್ಪರ ಒಣಗಿ ಸಂದಿಬಿಟ್ಟು, ಜರೀಗಿಡಗಳ ಅಂಚು ಕಂದುಬಣ್ಣಕ್ಕೆ ತಿರುಗಿತು. ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ತಾಯಿಗಿಡಗಳು ಅವು. ನರ್ಸರಿಯ ಸಸಿಯೆಲ್ಲ ಅವುಗಳಿಂದಲೇ ಆಗಬೇಕು. ದಿನಕ್ಕೆ ಆರು ಸಲ ನೀರು ಚಿಮುಕಿಸಿದರೂ ಸಂಜೆಗೆ ಜೋತುಬಿದ್ದಿರುತ್ತಿದ್ದವು. ಯಜಮಾನರು ಗಿಡದಿಂದ ಗಿಡಕ್ಕೆ ಹೋಗಿ ಒಣಗಿದ ಎಲೆ ಚಿವುಟುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ. ಎಲ್ಲಾ ಸಾಯಲಿ, ತಾನು ಮಾತ್ರ ಮೊದಲು ಮಾತಾಡುವುದಿಲ್ಲ ಎಂಬ ಆ ಹಟ ಕಂಡು ನನಗೆ ಮೈ ಉರಿಯಿತು.

ಏಳನೆಯ ದಿನ ಬಿದ್ದ ಕಾಯಿಯ ಮೂಟೆ ಕಟ್ಟಿಕೊಂಡು ಎಂದಿನಂತೆ ಹೊರಟೆ. ಕೆ.ಆರ್. ಪೇಟೆ ಬಸ್ ಸ್ಟಾಂಡಿನಲ್ಲಿ ಇಳಿದಾಗ ಅದೇನು ತಲೆ ಕೆಟ್ಟಿತೋ, ಎದುರಿನ ಅಂಗಡಿಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಎರಡು ಬಾಳೆಹಣ್ಣು ಕಟ್ಟಿಸಿಕೊಂಡೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಂದಿನ ಪ್ರಶ್ನೆ ಬರುವ ಮುಂಚೆಯೇ ಪೊಟ್ಟಣ ಮುಂದಿಟ್ಟೆ.

"ಯಜಮಾನ್ರು ನಿಮ್ಮನ್ನ ಕರ್ಕೊಂಡು ಬನ್ನಿ ಅಂತ ಕಳ್ಸವ್ರೆ ಅಕ್ಕ."

ಅವರ ಕೈ ನಿಂತಿತು. ಪೊಟ್ಟಣ ಬಿಚ್ಚಿದರು. ಕುಂಕುಮ ನೋಡಿದರು, ಆಮೇಲೆ ಕುಂಕುಮ ಸುತ್ತಿದ್ದ ಕಾಗದವನ್ನು ನೋಡಿದರು.

"ಇದು ನಮ್ ಪೇಟೆ ಬಸ್ ಸ್ಟಾಂಡ್ ಅಂಗ್ಡಿ ಪೊಟ್ಣ. ಎಸ್ರು ಅಚ್ಚಾಕವ್ರೆ. ಯಾಕಪ್ಪ, ಪಟ್ಣದಲ್ಲಿ ಕುಂಕುಮ ಸಿಕ್ಕಾಕಿಲ್ವಾ?"

ಬೇರೆ ದಾರಿ ಇರಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಚಿಕ್ಕತಾಯಮ್ಮನ ಕೈ, ಬಿಚ್ಚಿದ ಸೂರು, ಮೇಸ್ತ್ರಿ ಬಿಟ್ಟು ಹೋದದ್ದು, ಒಣಗುತ್ತಿರುವ ಗಿಡ. ಕೊನೆಗೆ, ಅಷ್ಟು ವರ್ಷಗಳಲ್ಲಿ ಯಾರಿಗೂ ಹೇಳದ ಮಾತನ್ನೂ ಹೇಳಿದೆ. "ನಾನು ಇಲ್ಲಿಂದ ವಾಪಸ್ ಓದಾಗೆಲ್ಲ ಅವರು ಕೇಳೋ ಮೊದಲ್ನೇ ಮಾತು ‘ಏನಂದ್ಲು’ ಅಂತ ಅಕ್ಕ."

ಅವರು ಮಡಿಲಿನ ಅವರೆಕಾಯಿ ಸಿಪ್ಪೆಯನ್ನು ಕೊಡವಿದರು. ಆಮೇಲೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡರು.

"ಸುಳ್ಳೋ ಪಳ್ಳೋ, ಬಾಗ್ಲಿಗೆ ಬಂದು ಕುಂಕುಮ ಕೊಟ್ಟಿದೀಯ. ಬತ್ತೀನಿ, ನಡಿ. ಆದ್ರೆ ಎಲ್ರ ಎದ್ರಿಗೂ ಅವನ್ನ ಕೇಳ್ತೀನಿ, ನೀನು ಕರ್ದ್ಯಾ ಅಂತ. ಇಲ್ಲ ಅಂದ್ನೋ, ಮುಂದಿನ ಬಸ್ಸಿಗೇ ವಾಪಸ್. ಇನ್ನು ಸಾಯೋ ಗಂಟ ಆ ಕಡೆ ತಲೆ ಹಾಕಿ ಮಲಗಾಕಿಲ್ಲ."

ದಾರಿಯುದ್ದಕ್ಕೂ ನನಗೆ ಯಜಮಾನರ ಬಾಯಿಯದೇ ಚಿಂತೆ. ಬೀಗರ ಮನೆಯ ಸಾರು ಕೂಡ ಚೆನ್ನಾಗಿತ್ತು ಎನ್ನದ ಬಾಯಿ ಅದು. ನಿಜ ಹೇಳಿದರೆ ತಂಗಿ ಶಾಶ್ವತವಾಗಿ ಹೋದಳು, ಜೊತೆಗೆ ನನ್ನ ಕೆಲಸವೂ ಹೋಯಿತು. ಪಾಂಡವಪುರದಲ್ಲಿ ಇಳಿದು ಮೇಸ್ತ್ರಿಯನ್ನೂ ಕರೆದುಕೊಂಡೆವು. ಹೇಗೂ ಹಾಳಾಗುವುದಾದರೆ ಪೂರ್ತಿ ಸಾಕ್ಷಿ ಇರಲಿ ಅಂದುಕೊಂಡೆ.

ನರ್ಸರಿಯ ಗೇಟಿನ ಬಳಿ ಬಂದಾಗ ಯಜಮಾನರು ಕುಕ್ಕರುಗಾಲಲ್ಲಿ ಕೂತು ಒಂದು ಗಾಜಿಗೆ ಅಂಟಿದ್ದ ಪುಟ್ಟಿ ಕೆರೆಯುತ್ತಿದ್ದರು. ತಂಗಿಯನ್ನು ಕಂಡು ಎದ್ದು ನಿಂತರು. ಗಾಜು ಕೈಯಲ್ಲೇ ಇತ್ತು. ಅಕ್ಕ ಅವರನ್ನು ಮಾತಾಡಿಸಲಿಲ್ಲ. ನೇರ ಹೋಗಿ ಮರವನ್ನು ಕೆಳಗಿಂದ ಮೇಲೆ ನೋಡಿದರು, ಬೋಳು ಸೂರು ನೋಡಿದರು, ಚಪ್ಪರದ ಕೆಳಗೆ ಬಗ್ಗಿ ಒಣಗಿದ ಗಿಡ ನೋಡಿದರು. ಚಿಕ್ಕತಾಯಮ್ಮನನ್ನು ಹತ್ತಿರ ಕರೆದು ಅವಳ ಕೈಯ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇಷ್ಟೆಲ್ಲ ಮಾಡ್ಕೊಂಡು ಕುಂತಿದೀರಲ್ಲ" ಎಂದು ಬೈದರು. ಯಾರಿಗೆ ಎಂದು ಹೇಳಲಿಲ್ಲ.

ಆಮೇಲೆ ಅಣ್ಣನ ಎದುರಿಗೆ ಬಂದು ನಿಂತರು. ಮೇಸ್ತ್ರಿ, ಚಿಕ್ಕತಾಯಮ್ಮ, ನೀರು ಬಿಡುತ್ತಿದ್ದ ಹೆಂಗಸರು, ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು.

"ನೀನು ಕರ್ದೆ ಅಂತ ಈ ರೈಟ್ರು ಕುಂಕುಮ ತಂದು ಕೊಟ್ರು ಕಣಣ್ಣ. ನಿಜವಾ? ನೀನೇ ಕರ್ದ್ಯಾ?"

ಯಜಮಾನರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಾನು ನನ್ನ ಸಾಮಾನು ಕಟ್ಟಿಕೊಂಡೆ, ಸೈಕಲ್ಲು ಹತ್ತಿದೆ, ಮನೆಗೂ ಹೋಗಿ ಹೆಂಡತಿಗೆ ವಿಷಯ ಹೇಳಿದೆ. ಅವರು ಬಗ್ಗಿ ಗಾಜನ್ನು ಗೋಣಿತಾಟಿನ ಮೇಲೆ ಮಲಗಿಸಿದರು. ಕೈ ಒರೆಸಿಕೊಂಡರು. ಒಮ್ಮೆ ಕೆಮ್ಮಿದರು. ತಂಗಿಯ ಮುಖ ನೋಡದೆ, ಮರದ ಬುಡ ನೋಡುತ್ತಾ ಹೇಳಿದರು.

"ನಾನು ಏಳಿ ಕಳುಸ್ದೆ ಇದ್ರೆ, ಈ ರೈಟ್ರ ತಲೆಗೆ ಇಷ್ಟು ಬುದ್ಧಿ ಎಲ್ಲಿಂದ ಬತ್ತದವ್ವ?"

ಏಳು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.